ಅಗ್ಗದ ಲಾರಿಯ ಗುಟ್ಟು

ಹೊಳೆ ಒಂದೇ, ದಡ ಎರಡು. ಹಾಗಾಗಿ ರಾಜ್ಯಾನೂ ಎರಡು. ಈ ದಡದಲ್ಲಿರೋದು ಈಚೆ ರಾಜ್ಯ, ಆ ದಡದಲ್ಲಿರೋದು ಆಚೆ ರಾಜ್ಯ. ಆಚೆಯವರು ತಮ್ಮದನ್ನೇ ಈಚೆ ರಾಜ್ಯ ಅಂತಿದ್ದರು, ಅದು ಬೇರೆ ವಿಷಯ. ಕತೆ ಶುರುವಾಗೋದು ಈ ದಡದಲ್ಲಿ, ಆದ್ದರಿಂದ ಈ ದಡದ ಮಾತೇ ನಡೀಲಿ.

ಎರಡು ಕಡೆಯೂ ತಾನೇ ಓಡೋ ಲಾರಿ ತಯಾರಾಗ್ತಿತ್ತು. ಮೊದಲು ಡ್ರೈವರುಗಳೇ ಓಡಿಸ್ತಿದ್ದರು. ಆದರೆ ಡ್ರೈವರ್ ಅಂದಮೇಲೆ ಟೀ ಕುಡೀಬೇಕು, ಬೀಡಿ ಸೇದಬೇಕು, ದಾರೀಲಿ ಅತ್ತೆ ಮನೆ ಸಿಕ್ಕಿದರೆ ಇಳಿದು ಮಾತಾಡಿಸಬೇಕು. ಹಾಗೆ ಅತ್ತೆ ಮನೆಗೆ ಇಳಿದ ಒಬ್ಬ ವಾಪಸ್ ಬರೋ ಹೊತ್ತಿಗೆ ಲಾರಿಯಲ್ಲಿದ್ದ ಹುಣಸೆ ಮೂಟೆ ಮೊಳೆತು, ಮರವಾಗಿ, ಆ ಮರದ ಹಣ್ಣನ್ನೂ ಊರವರು ಬಡಿದುಕೊಂಡು ಹೋಗಿದ್ದರು. ಇಂಥಾದ್ದೆಲ್ಲ ನೋಡಿ ನೋಡಿ ಎರಡು ಕಡೆ ದೊರೆಗಳೂ ಡ್ರೈವರುಗಳನ್ನ ಕೆಳಗಿಳಿಸಿಬಿಟ್ಟರು.

ಈಚೆ ರಾಜ್ಯದ ಕಾರ್ಖಾನೆಗೆ ಕೆಂಚಯ್ಯ ಅನ್ನೋನು ದೊಡ್ಡ ಮೇಸ್ತ್ರಿ. ಅವನ ಕೈ ಎಷ್ಟು ನಯ ಅಂದರೆ, ಅವನು ಬಡಿದ ತಗಡಿನ ಮೇಲೆ ಕೂತ ನೊಣ ಜಾರಿ ಬಿದ್ದು ಸೊಂಟ ಮುರ್ಕೊಳ್ತಿತ್ತು. ಲಾರಿ ಮಾಡೋದರಲ್ಲಿ ಆ ರಾಜ್ಯಕ್ಕೆ ಒಂದು ಪದ್ಧತಿ ಇತ್ತು. ಹೊಸ ಲಾರಿ ಮಾರೋಕೆ ಮುಂಚೆ, ಅದನ್ನ ಮಾಡಿದ ಮೇಸ್ತ್ರಿ ಹೆಂಡತಿ ಸಮೇತ ರಸ್ತೆ ನಡುವೆ ಚಾಪೆ ಹಾಸಿಕೊಂಡು ಕೂರಬೇಕು. ಲಾರಿ ದೂರದಿಂದ ಓಡಿಕೊಂಡು ಬರಬೇಕು. ಆಮೇಲೆ ಮೇಸ್ತ್ರಿ ತನ್ನ ಕಾಲಮೇಲೆ ಎದ್ದು ಮನೆಗೆ ಹೋದರೆ ಲಾರಿ ಪಾಸು. ಯಾವ ಕಾಲದ ಯಾವ ರಾಣಿ ಹಾಕಿದ ಕಟ್ಟಳೆಯೋ, ಅದನ್ನ ಅಲ್ಲಾಡಿಸೋ ಧೈರ್ಯ ಯಾರಿಗೂ ಇರಲಿಲ್ಲ.

ತಾನೇ ಎದುರು ಕೂರಬೇಕು ಅಂದಮೇಲೆ ಯಾವ ಮೇಸ್ತ್ರಿ ತಾನೇ ಕೈ ಬಿಗಿಹಿಡಿದು ಕೆಲಸ ಮಾಡ್ತಾನೆ? ಕೆಂಚಯ್ಯ ಲಾರಿಗೆ ಮುಂದೆ ಕಣ್ಣು, ಹಿಂದೆ ಕಣ್ಣು, ಕಂಕುಳಲ್ಲಿ ಕಣ್ಣು ಇಟ್ಟ. ಒಂದು ಬ್ರೇಕು ಕೈಕೊಟ್ಟರೆ ಇರಲಿ ಅಂತ ಇನ್ನೊಂದು, ಅದಕ್ಕೂ ಜ್ವರ ಬಂದರೆ ಅಂತ ಮತ್ತೊಂದು. ಆ ಕಣ್ಣುಗಳನ್ನ ಉಜ್ಜೋಕೆ ಕಾರ್ಖಾನೆಯಲ್ಲಿ ಕಣ್ಣಿನ ಮನೆ ಅಂತ ಬೇರೆ ಶೆಡ್ಡೇ ಇತ್ತು. ಅಲ್ಲಿ ಹೆಂಗಸರು ಗಾಜನ್ನ ಎಷ್ಟು ತಿಳಿಯಾಗಿ ಉಜ್ಜುತಿದ್ದರು ಅಂದರೆ, ಒಂದು ಲಾರಿ ಸಂತೆಬೀದಿಯಲ್ಲಿ ಇರುವೆ ಸಾಲು ನೋಡಿ ನಿಂತು, ಕೊನೇ ಕುಂಟ ಇರುವೆ ದಾಟೋವರೆಗೆ ಅಲ್ಲಾಡಲಿಲ್ಲ. ಇನ್ನೊಂದು ಲಾರಿ ಮಳೆನೀರಿನ ಹೊಂಡದಲ್ಲಿ ತನ್ನ ನೆರಳನ್ನೇ ನೋಡಿ, ಎದುರಿನವರು ಮೊದಲು ಹೋಗಲಿ ಅಂತ ಹೊಂಡ ಬತ್ತೋವರೆಗೆ ಕಾದಿತ್ತು. ಇಂಥ ಲಾರಿಗೆ ಬೆಲೆ ಎಷ್ಟಾಗಬೇಡ?

ಕೆಂಚಯ್ಯನ ಹೆಂಡತಿ ನಿಂಗಾಜಮ್ಮ. ಸಣ್ಣವಳಿದ್ದಾಗ ವಿಷಮಜ್ವರ ಬಂದು ಎರಡು ಕಿವೀನೂ ಹೋಗಿತ್ತು. ತುಟಿ ನೋಡಿ ಮಾತು ತಿಳ್ಕೊಳ್ಳೋಳು, ಬೇಡದ ಮಾತು ಬಂದರೆ ಮುಖ ತಿರುಗಿಸಿಬಿಡೋಳು. ಪ್ರತಿ ಲಾರಿಯ ಪರೀಕ್ಷೆಗೂ ಗಂಡನ ಜೊತೆ ಬಂದು ಚಾಪೆ ಮೇಲೆ ಕೂರೋಳು. ಹೇಗೆ ಕೂರೋಳು? ಲಾರಿ ಬರೋ ಕಡೆಗೆ ಬೆನ್ನು ಹಾಕಿ, ತೊಡೆ ಮೇಲೆ ಮೊರ ಇಟ್ಟುಕೊಂಡು, ಅವರೆಕಾಯಿ ಸುಲೀತಾ. ಕೆಂಚಯ್ಯ ಮಾತ್ರ ಲಾರಿ ಕಡೆ ಮುಖ ಮಾಡಿ, ನೆತ್ತಿಯಿಂದ ಹಿಮ್ಮಡಿವರೆಗೆ ಬೆವರ್ತಾ ಕೂತಿರೋನು.

ಲಾರಿ ಇನ್ನೂ ಕಣ್ಣಿಗೆ ಬೀಳೋ ಮೊದಲೇ ನಿಂಗಾಜಮ್ಮ, "ಬಂತು" ಅನ್ನೋಳು.

"ಕಿವಿ ಕೇಳಿಸದೆ ನಿನಗೆ ಹೇಗೆ ಗೊತ್ತಾಗುತ್ತೆ?" ಅಂತ ಕೆಂಚಯ್ಯ ಕೈ ಆಡಿಸಿ ಕೇಳಿದರೆ, "ನೆಲ ಹೇಳುತ್ತೆ" ಅಂತ ಅಂಗೈಯಿಂದ ಚಾಪೆ ತಟ್ಟೋಳು. ಹೇಳಿ, ಮತ್ತೆ ಕಾಯಿ ಸುಲಿಯೋಳು. ತಿರುಗಿ ನೋಡಿದ್ದೇ ಇಲ್ಲ. ಲಾರಿ ಬಂದು, ಅವಳ ಬೆನ್ನಿಗೆ ಅದರ ಬಿಸಿ ತಾಗೋ ಹಾಗೆ ನಿಂತರೆ, "ಸಾಕು, ಸೆರಗು ಸುಡುತ್ತೆ, ಹಿಂದೆ ಹೋಗೋಕೆ ಹೇಳಿ ಅದಕ್ಕೆ" ಅನ್ನೋಳು. ಅವತ್ತು ಅವರ ಮನೇಲಿ ಅವರೆಕಾಳಿನ ಸಾರು. ಕಣ್ಣಿನ ಮನೆ ಹೆಂಗಸರೆಲ್ಲ ತಟ್ಟೆ ಹಿಡ್ಕೊಂಡು ಬಂದುಬಿಡೋರು.

ಹೀಗೆ ನಡೀತಿದ್ದ ಕಾಲದಲ್ಲಿ ಈಚೆ ದೊರೆಗೆ ಒಂದು ಸುದ್ದಿ ಬಂತು. ಆಚೆ ರಾಜ್ಯದಲ್ಲಿ ಉಪ್ಪು ಅಗ್ಗ, ಬೆಲ್ಲ ಅಗ್ಗ, ಬಟ್ಟೆ ಅಗ್ಗ. ಯಾಕೆ? ಸಾಗಿಸೋ ಲಾರಿ ಅಗ್ಗ. ಈಚೆ ಒಂದು ಲಾರಿಗೆ ಕೊಡೋ ಬೆಲೆಗೆ ಆಚೆ ಮೂರು ಲಾರಿ ಬಂದು, ಮೇಲೆ ಒಂದು ಕೊಸರು ಬೇರೆ ಸಿಗುತ್ತೆ. ದೊರೆಯ ಮೀಸೆ ಬಹಳ ಉದ್ದ, ಎರಡು ತುದಿ ಹಿಡ್ಕೊಳ್ಳೋಕೇ ಎರಡು ಆಳು. ಸುದ್ದಿ ಕೇಳಿದ್ದೇ ಆ ಮೀಸೆ ಎಷ್ಟು ಜೋರಾಗಿ ಮೇಲೆದ್ದಿತು ಅಂದರೆ, ಇಬ್ಬರು ಆಳೂ ತೊಲೆಗೆ ನೇತಾಡಿದರು.

ಪಂಡಿತರನ್ನ ಕರೆಸಿದರು. ಒಬ್ಬ, "ಅಲ್ಲಿ ಕೂಲಿ ಕಡಿಮೆ ಮಹಾಸ್ವಾಮಿ" ಅಂದ. ಇನ್ನೊಬ್ಬ, "ಅಲ್ಲಿ ಕಬ್ಬಿಣದ ಬೆಟ್ಟ ಕಾರ್ಖಾನೆಯ ಹಿತ್ತಲಲ್ಲೇ ಇದೆ" ಅಂದ. ಮತ್ತೊಬ್ಬ, "ಅವರ ದೊರೆ ಜಾಗ, ಸೌದೆ, ನೀರು ಎಲ್ಲಾ ಪುಕ್ಕಟೆ ಕೊಡ್ತಾರೆ" ಅಂತ ಹೇಳಿ, ದೊರೆ ಮುಖ ನೋಡಿ ನಾಲಿಗೆ ಕಚ್ಚಿಕೊಂಡ. ಕೊನೆಯವನು, "ಅವರು ನಟ್ಟು ಬೋಲ್ಟು ಒಂದೇ ಬೀದೀಲಿ ಮಾಡ್ತಾರೆ, ನಾವು ನಟ್ಟಿಗೆ ಒಂದು ಊರಿಗೆ, ಬೋಲ್ಟಿಗೆ ಇನ್ನೊಂದು ಊರಿಗೆ ಅಲೀತೀವಿ" ಅಂದ.

ದಿವಾನರು ಕೆಂಚಯ್ಯನ ಕಡೆ ತಿರುಗಿದರು. ಅವರ ದನಿ ಬೆಣ್ಣೆಯಂಥದ್ದು, ಆ ದನಿಯಲ್ಲಿ ಗಲ್ಲಿಗೆ ಹಾಕಿ ಅಂದರೂ ಜನ ಕೈಮುಗಿದು ಹೋಗೋರು. "ಮೇಸ್ತ್ರಿಗಳೇ, ನೀವೇ ಹೋಗಿ ನೋಡ್ಕೊಂಡು ಬನ್ನಿ. ಅವರ ಬೆಲೆಗೆ ನಾವೂ ಮಾಡೋದಾದರೆ ಮಾಡೋಣ. ಆಗದಿದ್ದರೆ ಅವರ ಲಾರೀನೇ ಕೊಂಡ್ಕೊಳ್ಳೋಣ. ಈ ಕಾರ್ಖಾನೆ ಜಾಗದಲ್ಲಿ ದೊರೆಗಳಿಗೆ ಒಂದು ಈಜುಕೊಳ ಬೇಕಂತೆ."

ಕಾರ್ಖಾನೆ ಬಿಟ್ಟರೆ ಕೆಂಚಯ್ಯನಿಗೆ ಬೇರೆ ಬಾಳು ಗೊತ್ತಿಲ್ಲ. ದೊಡ್ಡ ಮೇಸ್ತ್ರಿ ಅಂತ ಊರು ಎದ್ದು ನಿಲ್ಲೋದನ್ನ ಬಿಟ್ಟು ಬದುಕೋದು ಹೇಗೆ ಅಂತಾನೂ ಗೊತ್ತಿಲ್ಲ. ಹರಿಗೋಲು ಹತ್ತಿ ಹೊಳೆ ದಾಟಿದ.

ಆ ದಡದಲ್ಲಿ ಅವನನ್ನ ಇಳಿಸಿಕೊಂಡವನು ಆಚೆ ಕಾರ್ಖಾನೆಯ ಮೇಸ್ತ್ರಿ ಓಬಳಪ್ಪ. ದುಂಡು ಹೊಟ್ಟೆ, ಬಾಯಿತುಂಬ ಎಲೆ ಅಡಿಕೆ, ಕಾಲಿಗೆ ಮೂರು ಪದರ ಅಟ್ಟೆಯ ಚಪ್ಪಲಿ. "ಬನ್ನಿ ಕೆಂಚಯ್ಯನೋರೆ. ನಮ್ಮಲ್ಲಿ ಗುಟ್ಟು ಗಿಟ್ಟು ಏನೂ ಇಲ್ಲ. ಎಲ್ಲಾ ಬಿಚ್ಚಿಟ್ಟಿದ್ದೀವಿ, ಕಣ್ತುಂಬ ನೋಡಿ."

ಮಾತು ಮುಗಿದಿರಲಿಲ್ಲ, ಮೂಲೆಯಿಂದ ಪೊಂಯ್ ಅಂತ ಒಂದು ಹಾರನ್ ಕೇಳಿಸಿತು. ಓಬಳಪ್ಪ ಆ ಹೊಟ್ಟೆ ಹೊತ್ತುಕೊಂಡೇ ಜಿಂಕೆ ಥರ ಚರಂಡಿ ಆಚೆಗೆ ಹಾರಿದ. ಬೀದಿಯಲ್ಲಿದ್ದ ಹೂವಿನವಳು ಹಾರಿದಳು, ಅವಳ ಬುಟ್ಟಿ ಹಾರಿತು, ಬುಟ್ಟಿಗೆ ಬಾಯಿ ಹಾಕ್ತಿದ್ದ ಹಸು ಹಾರಿತು. ಕೆಂಚಯ್ಯ ಒಬ್ಬನೇ ಕಂಬದ ಹಾಗೆ ನಿಂತಿದ್ದ. ಓಬಳಪ್ಪ ಅವನ ಕೊರಳಪಟ್ಟಿ ಹಿಡಿದು ಎಳೆದುಕೊಂಡ. ಲಾರಿ ಗಾಳಿಯ ಹಾಗೆ ಹೋಯಿತು. ಕೆಂಚಯ್ಯನ ಪಂಚೆಯ ಅಂಚು ಅದರ ಜೊತೆ ಹೋಯಿತು.

"ಅದು ನಿಲ್ಲೋದಿಲ್ವಾ?" ಅಂತ ಕೆಂಚಯ್ಯ ಹರಿದ ಪಂಚೆ ಹಿಡ್ಕೊಂಡು ಕೇಳಿದ.

"ಎಲ್ಲಿ?"

"ಅಡ್ಡ ಯಾರಾದರೂ ಇದ್ದರೆ?"

"ಅಡ್ಡ ಯಾಕೆ ಇರಬೇಕು?" ಅಂತ ಓಬಳಪ್ಪ ಪಿಚಕ್ಕನೆ ಉಗಿದ.

ಕೆಂಚಯ್ಯ ಕಾರ್ಖಾನೆ ಸುತ್ತಿದ. ಪಂಡಿತರು ಹೇಳಿದ್ದೆಲ್ಲಾ ನಿಜವೇ. ಕೂಲಿ ಕಡಿಮೆ, ಜನ ಕಾರ್ಖಾನೆಯಲ್ಲೇ ಮಲಗಿ ಅಲ್ಲೇ ಏಳ್ತಿದ್ದರು. ಕಬ್ಬಿಣದ ಬೆಟ್ಟ ಹಿತ್ತಲಲ್ಲಿತ್ತು. ನಟ್ಟಿನ ಅಂಗಡಿಯವನೂ ಬೋಲ್ಟಿನ ಅಂಗಡಿಯವನೂ ಎದುರು ಬದುರು ಕೂತು ಚೌಕಾಬಾರ ಆಡ್ತಿದ್ದರು. ಆದರೆ ಅದೆಲ್ಲಾ ಕೂಡಿಸಿದರೂ ಒಂದು ಲಾರಿಯ ಒಂದು ಚಕ್ರದಷ್ಟು ಉಳಿತಾಯ. ಮಿಕ್ಕ ಲಾರಿಯ ದುಡ್ಡು ಎಲ್ಲಿ ಉಳೀತು? ಮೂಲೆ ಮೂಲೆ ಹುಡುಕಿ ಕೊನೆಗೆ ಕೇಳಿದ: "ಓಬಳಪ್ಪನೋರೆ, ನಿಮ್ಮ ಕಣ್ಣಿನ ಮನೆ ಎಲ್ಲಿ?"

"ಯಾರ ಕಣ್ಣು?"

"ಲಾರಿ ಕಣ್ಣು."

ಓಬಳಪ್ಪ ನಕ್ಕ ನಗುವಿಗೆ ಶೆಡ್ಡಿನ ತಗಡೆಲ್ಲಾ ನಕ್ಕವು. "ಅಯ್ಯೋ ನಿಮ್ಮ! ಲಾರಿಗೆ ಯಾಕ್ರೀ ಕಣ್ಣು? ಜನಕ್ಕೆ ಇದ್ದಾವಲ್ಲ, ತಲೆಗೆ ಎರಡೆರಡು!"

ಗುಟ್ಟು ಅಷ್ಟೇ. ಈಚೆಯವರು ಲಾರಿಗೆ ಕಲಿಸ್ತಿದ್ದರು, ಆಚೆಯವರು ಜನಕ್ಕೆ ಕಲಿಸಿದ್ದರು. ಅವರ ಲಾರಿಗೆ ಕಣ್ಣಿಲ್ಲ, ಬ್ರೇಕು ಹೆಸರಿಗೆ ಒಂದು. ಗಾಲಿಯ ಜಾಡು ಹಿಡಿದು ಹೋಗುತ್ತೆ, ಮೂಲೆ ತಿರುಗೋವಾಗ ಒಂದು ಹಾರನ್ ಹೊಡೆಯುತ್ತೆ. ಹಾರನ್ ಆದರೆ ಹಾರಬೇಕು. ಅಲ್ಲಿ ಮಕ್ಕಳು ನಡೆಯೋಕೆ ಮೊದಲು ಹಾರೋದು ಕಲೀತಿದ್ದವು. ಹೆಣ್ಣು ನೋಡೋಕೆ ಬಂದವರು ಹಾಡು ಹೇಳಮ್ಮ ಅಂತಿರಲಿಲ್ಲ, ಒಂದು ಸಲ ಹಾರಮ್ಮ ಅಂತಿದ್ದರು. ಹೆಣ ಹೊತ್ತವರು ಚಟ್ಟದ ಸಮೇತ ಹಾರೋರು. ಹಳೇ ಅಭ್ಯಾಸದ ಹೆಣವಾದರೆ ಹೊತ್ತವರಿಗಿಂತ ಮೊದಲೇ ಹಾರಿರ್ತಿತ್ತು.

ಒಂದು ಸಂಜೆ ಜಗಲಿ ಮೇಲೆ ಕೂತಿದ್ದಾಗ ಕೆಂಚಯ್ಯ ಕೇಳಿದ, "ಅಲ್ಲ ಓಬಳಪ್ಪನೋರೆ, ಬೀದೀಲಿ ಒಬ್ಬ ಮುದುಕ, ಒಬ್ಬ ಕುಂಟ ಕಾಣಲಿಲ್ಲವಲ್ಲ?"

"ನಮ್ಮದು ಗಟ್ಟಿ ಜನ."

"ಕಿವುಡರು?"

"ನಮ್ಮಲ್ಲಿ ಕಿವುಡರೇ ಇಲ್ಲ" ಅಂತ ಓಬಳಪ್ಪ ಎದೆ ಉಬ್ಬಿಸಿ ಹೇಳಿದ. ಹೇಳಿ, ಎಲೆಗೆ ಸುಣ್ಣ ಹಚ್ಚಿ ಕೆಂಚಯ್ಯನ ಕೈಗೆ ಕೊಟ್ಟ. ಕೆಂಚಯ್ಯ ಎಲೆ ಅಗಿದ.

ಅವನು ಅಲ್ಲಿದ್ದದ್ದು ಒಂದು ಬೆಳೆ ಬಂದು ಹೋಗೋಷ್ಟು ಕಾಲ. ಮೊದಮೊದಲು ಹಾರನ್ ಆದರೆ ಯಾರಾದರೂ ಎಳೀಬೇಕಾಗಿತ್ತು. ಆಮೇಲೆ ತಾನೇ ಹಾರಿದ. ಆಮೇಲೆ ಕಾಲೇ ಹಾರಿದವು, ಅವನು ಹಿಂದಿನಿಂದ ಹೋದ. ಊಟಕ್ಕೆ ಕೂತಾಗ ಹಾರನ್ ಕೇಳಿಸಿದರೆ ಬಾಯಲ್ಲಿ ತುತ್ತು ಇರೋದು, ಕೆಂಚಯ್ಯ ಹೊಸಿಲಾಚೆ ಇರೋನು. ಹೊರಡೋ ದಿನ ಓಬಳಪ್ಪ ಅವನ ಬೆನ್ನು ತಟ್ಟಿ, "ಈಗ ನೀವು ನಮ್ಮೋರು ಕಣ್ರೀ" ಅಂದ.

ಈಚೆ ದೊರೆಯ ಮುಂದೆ ನಿಂತು ಕೆಂಚಯ್ಯ ಇದನ್ನೆಲ್ಲಾ ಹೇಳಿದ. ಹೇಸಿಗೆ ಆಗೋ ಹಾಗೇ ಹೇಳಬೇಕು ಅಂತ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದ. "ಅವರ ಲಾರಿಗೆ ಕಣ್ಣೇ ಇಲ್ಲ ಮಹಾಸ್ವಾಮಿ. ಕುರುಡು ಲಾರಿ. ಜನ ಪ್ರಾಣ ಕೈಯಲ್ಲಿ ಹಿಡ್ಕೊಂಡು ಹಾರ್ತಾರೆ."

ದೊರೆಯ ಮೀಸೆ ಮೆಲ್ಲಗೆ ಅರಳಿತು. "ಜನಕ್ಕೆ ಕಲಿಸೋಕೆ ಎಷ್ಟು ಖರ್ಚಾಗುತ್ತೆ?"

"ಏನೂ ಆಗೋದಿಲ್ಲ. ಅವರೇ ಕಲೀತಾರೆ. ಕಲೀದೋರು..."

"ಕಲೀದೋರು?"

ದೊರೆ ಪಕ್ಕದಲ್ಲಿ ಈಜುಕೊಳದ ನಕ್ಷೆ ಹಿಡ್ಕೊಂಡು ಒಬ್ಬ ನಿಂತಿದ್ದ. ಕೆಂಚಯ್ಯ ಅದನ್ನ ನೋಡಿದ. "ಕಲೀದೋರು ಯಾರೂ ನನಗೆ ಕಾಣಲಿಲ್ಲ ಮಹಾಸ್ವಾಮಿ" ಅಂದ. ಅದು ಸುಳ್ಳಲ್ಲ.

"ಹಾಗಾದರೆ ಮಾಡಿ" ಅಂದರು ದೊರೆ.

ಕೆಂಚಯ್ಯ ಕೊನೇ ಹಗ್ಗ ಹಿಡಿದ. "ಆದರೆ ಮೇಸ್ತ್ರಿ ಎದುರು ಕೂರೋ ಪದ್ಧತಿ ಇದೆಯಲ್ಲ. ಕಣ್ಣಿಲ್ಲದ ಲಾರಿ ಎದುರು ಕೂರೋದು ಹೇಗೆ?"

ದಿವಾನರು ಮುಗುಳ್ನಕ್ಕರು. "ಪದ್ಧತಿ ಬಿಡೋದುಂಟಾ ಮೇಸ್ತ್ರಿಗಳೇ? ಅದು ನಮ್ಮ ಹೆಮ್ಮೆ. ಆಚೆಯವರಿಗೆ ಅದೆಲ್ಲಿದೆ? ಪದ್ಧತಿ ಪ್ರಕಾರ ಕೂತ್ಕೊಳ್ಳಿ. ಹಾರನ್ ಆದಾಗ ಎದ್ದುಬಿಡಿ."

ಕಣ್ಣಿನ ಮನೆಗೆ ಬೀಗ ಬಿತ್ತು. ಗಾಜು ಉಜ್ಜುತಿದ್ದ ಹೆಂಗಸರಿಗೆ ಬೇರೆ ಕೆಲಸ ಕೊಟ್ಟರು, ಅದೂ ನಾಲ್ಕು ಜನಕ್ಕೆ ಮಾತ್ರ. ಲಾರಿಯ ಮುಖದ ಮೇಲೆ ಬಣ್ಣದಲ್ಲಿ ಕಣ್ಣು ಬರೆಯೋದು. ಉದ್ದ ರೆಪ್ಪೆ, ಕಾಡಿಗೆ, ಕಪ್ಪು ಗುಡ್ಡೆ. ಒಂದು ಡಬ್ಬಿ ಬಣ್ಣದಲ್ಲಿ ಹತ್ತಾರು ಲಾರಿಗೆ ಕಣ್ಣು ಬಂತು. ಎಷ್ಟು ಅಂದವಾಗಿದ್ದವು ಅಂದರೆ ಬೀದಿಯ ಗಂಡಸರೆಲ್ಲ ಲಾರಿ ನೋಡಿ ಕ್ರಾಪು ಸರಿಮಾಡ್ಕೊಳ್ತಿದ್ದರು.

ಪರೀಕ್ಷೆ ದಿನ ಬೆಳಿಗ್ಗೆ ನಿಂಗಾಜಮ್ಮ ಎಂದಿನ ಹಾಗೆ ಒಲೆ ಮೇಲೆ ಸಾರಿಗೆ ನೀರಿಟ್ಟು, ಮೊರಕ್ಕೆ ಅವರೆಕಾಯಿ ಸುರ್ಕೊಂಡು ಹೊರಟಳು. ಕೆಂಚಯ್ಯ ಬಾಗಿಲಿಗೆ ಅಡ್ಡ ನಿಂತ. ತುಟಿ ಬಿಡಿಸಿ ಬಿಡಿಸಿ ಹೇಳಿದ, "ಇವತ್ತು ನೀನು ಬರಬೇಡ."

"ಯಾಕೆ? ಈ ಸಲ ಚೆನ್ನಾಗಿ ಮಾಡಿಲ್ವಾ?"

ಕೆಂಚಯ್ಯನಿಗೆ ಮಾಡಿಲ್ಲ ಅನ್ನೋಕೆ ಆಗಲಿಲ್ಲ. ಇಡೀ ಊರು ದೊಡ್ಡ ಮೇಸ್ತ್ರಿ ಅಂತಿತ್ತು. ಆದರೆ ಆ ಮಾತನ್ನ ಬೆನ್ನು ಕೊಟ್ಟು ಒಪ್ಪಿದ್ದೋಳು ಇವಳೊಬ್ಬಳೇ. ಅವಳ ಮುಂದೆ ಕುರುಡು ಲಾರಿ ಮಾಡಿದ್ದೀನಿ ಅಂತ ಯಾವ ಬಾಯಲ್ಲಿ ಹೇಳೋದು?

"ಚೆನ್ನಾಗೇ ಮಾಡಿದ್ದೀನಿ" ಅಂದ.

"ಮತ್ತಿನ್ನೇನು? ಸರೀರಿ, ಬಿಸಿಲೇರುತ್ತೆ."

ಕಾರ್ಖಾನೆ ಬಾಗಿಲಲ್ಲಿ ಲಾರಿ ನಿಂತಿತ್ತು. ಅದರ ಮುಂದೆ ಹಾಯ್ದು ಹೋಗೋವಾಗ ನಿಂಗಾಜಮ್ಮ ತಲೆ ಎತ್ತಿ ನೋಡಿದಳು. "ಅಬ್ಬ! ಈ ಸಲ ಎಷ್ಟು ದೊಡ್ಡ ಕಣ್ಣು ಇಟ್ಟಿದ್ದೀರಿ! ನಮ್ಮ ಓಣಿಯ ಇರುವೆಗಳಿಗೆಲ್ಲಾ ಹೆಸರು ಹಿಡಿದು ಕರೆಯುತ್ತೆ ಇದು" ಅಂತ ನಕ್ಕಳು. ಕಣ್ಣು ಬರೆದಿದ್ದ ಹೆಂಗಸೊಬ್ಬಳು ಬಣ್ಣದ ಕೈಯನ್ನ ಸೆರಗಿನಲ್ಲಿ ಮುಚ್ಕೊಂಡಳು.

ರಸ್ತೆ ಎರಡು ಬದೀಲೂ ಊರು ಸೇರಿತ್ತು. ದೊರೆಯ ಮೀಸೆ ಬಂತು, ಹಿಂದೆ ದೊರೆ ಬಂದರು. ಗಂಡ ಹೆಂಡತಿ ಚಾಪೆ ಹಾಸಿ ಕೂತರು. ಅವಳು ಬೆನ್ನು ಹಾಕಿ, ಅವನು ಮುಖ ಮಾಡಿ. ಕೆಂಚಯ್ಯ ಒಂದು ಉಪಾಯ ಮಾಡಿದ್ದ. ಅವಳ ಪಕ್ಕಕ್ಕೇ ಒತ್ತಿ ಕೂತಿದ್ದ. ಹಾರನ್ ಆದ ತಕ್ಷಣ ಅವಳ ರಟ್ಟೆ ಹಿಡಿದು, ಇಬ್ಬರೂ ಒಟ್ಟಿಗೆ ಬದಿಗೆ. ಆಮೇಲೆ ಅವಳು ಎಷ್ಟು ಬೈದರೂ ಸರಿ. ಬೈಸ್ಕೊಳ್ಳೋಕೆ ಮನಸ್ಸಿನಲ್ಲೇ ತಯಾರಾಗಿದ್ದ. ಯಾವ ಯಾವ ಮಾತಲ್ಲಿ ಬೈತಾಳೆ ಅಂತಾನೂ ಅವನಿಗೆ ಗೊತ್ತಿತ್ತು.

ಅವಳು ಕಾಯಿ ಸುಲೀತಿದ್ದಳು. ಸುಲೀತಾ ಸುಲೀತಾ, "ಬಂತು" ಅಂದಳು.

ಮೂಲೆಯಲ್ಲಿ ಹಾರನ್ ಆಯಿತು.

ಕೆಂಚಯ್ಯ ಕೈ ಚಾಚಬೇಕು ಅಂದುಕೊಂಡ. ಅಂದುಕೊಂಡಾಗ ಅವನು ಆಗಲೇ ಚರಂಡಿ ಆಚೆ ಇದ್ದ. ಕಾಲು ಅವನನ್ನ ಕೇಳಲೇ ಇಲ್ಲ. ಎಷ್ಟು ಚೆಂದದ ನೆಗೆತ ಅಂದರೆ, ಗುಂಪಿನಲ್ಲಿ ಯಾರೋ ಒಬ್ಬ ಭಲೇ ಅಂದುಬಿಟ್ಟ. ಕೆಂಚಯ್ಯ ತಿರುಗಿ ನೋಡಿದಾಗ ನಿಂಗಾಜಮ್ಮ ಚಾಪೆ ಮೇಲೆ ಒಬ್ಬಳೇ, ಬೆನ್ನು ನೆಟ್ಟಗೆ ಇಟ್ಟುಕೊಂಡು, ಇನ್ನೊಂದು ಕಾಯಿ ಕೈಗೆ ತಗೊಂಡಿದ್ದಳು. ಲಾರಿ ಬರ್ತಿದೆ ಅಂತ ಆ ರಸ್ತೆಯಲ್ಲಿ ಎಲ್ಲರಿಗಿಂತ ಮೊದಲು ಗೊತ್ತಾಗಿದ್ದೋಳು ಅವಳೇ. ಮಾಡಿದವನು ಯಾರು ಅಂತ ಗೊತ್ತಿದ್ದರಿಂದ ಏಳಲಿಲ್ಲ.

ಲಾರಿ ಹೋಯಿತು. ಆಮೇಲೆ ಬಹಳ ಹೊತ್ತು ರಸ್ತೆ ಮೇಲೆ ಅವರೆಕಾಳು ಉರುಳ್ತಾನೇ ಇದ್ದವು.

ದೊರೆಯ ಮೀಸೆ ಹಿಡಿದಿದ್ದ ಆಳುಗಳು ಮೀಸೆ ಬಿಟ್ಟುಬಿಟ್ಟಿದ್ದರು. ಕೊನೆಗೆ ದಿವಾನರು ಹತ್ತಿರ ಬಂದು, ಅದೇ ಬೆಣ್ಣೆ ದನಿಯಲ್ಲಿ ಕೇಳಿದರು. "ಮೇಸ್ತ್ರಿಗಳೇ, ತುಂಬಾ ನೋವಿನ ವಿಷಯ. ಆದರೂ ಕಟ್ಟಳೆ ಕಟ್ಟಳೆ. ಮೇಸ್ತ್ರಿ ತನ್ನ ಕಾಲಮೇಲೆ ಮನೆಗೆ ಹೋದರೆ ಪಾಸು ಅಂತಿದೆ. ಹೆಂಡತಿ ಹೋಗಬೇಕು ಅಂತ ಎಲ್ಲೂ ಇಲ್ಲ. ನೀವು... ಮನೆಗೆ ಹೋಗ್ತೀರಲ್ಲ?"

ಕೆಂಚಯ್ಯ ಮನೆಗೆ ಹೋದ. ಬೇರೆ ಎಲ್ಲಿಗೆ ಹೋಗೋದು? ಸಾರಿಗೆ ಇಟ್ಟಿದ್ದ ನೀರು ಕುದ್ದು ಕುದ್ದು ಬತ್ತಿ, ಪಾತ್ರೆ ತಳ ಕಪ್ಪಾಗಿತ್ತು.

ಲಾರಿ ಪಾಸಾಯಿತು.

ಉಪ್ಪು ಅಗ್ಗವಾಯಿತು, ಬೆಲ್ಲ ಅಗ್ಗವಾಯಿತು. ಜನ ಕೆಲವು ದಿನ ಉಪ್ಪು ಕೊಳ್ಳೋವಾಗ ನಿಂಗಾಜಮ್ಮನ ಹೆಸರು ಹೇಳಿ ಲೊಚಗುಟ್ಟಿದರು, ಆಮೇಲೆ ಇನ್ನೊಂದು ಸೇರು ಅಳೀರಿ ಅಂದರು. ಹಾರೋದನ್ನ ಕಲಿತರು. ಕಣ್ಣಿನ ಮನೆಯ ಜಾಗದಲ್ಲಿ ದೊರೆಗಳ ಈಜುಕೊಳ ಬಂತು. ಕಾರ್ಖಾನೆ ಉಳೀತು, ಕೆಂಚಯ್ಯ ದೊಡ್ಡ ಮೇಸ್ತ್ರಿಯಾಗೇ ಉಳಿದ. ಅವನು ಕೇಳಿದ್ದು ಅದನ್ನೇ ತಾನೇ?

ಆದರೆ ಅವನಿಗೆ ಹಾರನ್ ತಡಕೊಳ್ಳೋಕೆ ಆಗ್ತಿರಲಿಲ್ಲ. ಎಲ್ಲಿ ಹಾರನ್ ಆದರೂ ಕಾಲು ಹಾರೋವು. ಚಾಪೆ ಮೇಲೆ ಮಲಗಿದ್ದರೆ ಚಾಪೆಯಿಂದ, ಜಗಲಿ ಮೇಲಿದ್ದರೆ ಜಗಲಿಯಿಂದ. ಹಾರಿ ನಿಂತಾಗಲೆಲ್ಲ ಬಲಗೈ ಚಾಚಿಕೊಂಡೇ ಇರೋದು, ಅದರಲ್ಲಿ ಏನೂ ಇರ್ತಿರಲಿಲ್ಲ. ಒಂದು ದಿನ ದಿವಾನರ ಹತ್ತಿರ ಹೋಗಿ, "ಲಾರಿಯ ಹಾರನ್ ತೆಗೆಸಿಬಿಡ್ತೀನಿ" ಅಂದ.

"ಹಾರನ್ ಇಲ್ಲದೆ ಜನಕ್ಕೆ ಗೊತ್ತಾಗೋದು ಹೇಗೆ?"

"ನೆಲ ಹೇಳುತ್ತೆ."

ದಿವಾನರು ಯೋಚನೆ ಮಾಡಿದರು. ಹಾರನ್ನಿಗೆ ಹಿತ್ತಾಳೆ ಬೇಕು, ಹಿತ್ತಾಳೆ ದುಬಾರಿ. "ಮೇಸ್ತ್ರಿಗಳೇ, ನೀವು ಈ ರಾಜ್ಯದ ರತ್ನ" ಅಂದರು.

ಹಾರನ್ ಹೋದಮೇಲೆ ಈಚೆ ರಾಜ್ಯದವರು ಬರಿಗಾಲಲ್ಲಿ ನಡೆಯೋಕೆ ಶುರುಮಾಡಿದರು. ನೆಲ ನಡುಗಿದ್ದು ಅಂಗಾಲಿಗೆ ತಿಳೀಬೇಕಲ್ಲ. ಮದುವೆ ಗಂಡೂ ಬರಿಗಾಲು, ಪೊಲೀಸೂ ಬರಿಗಾಲು. ಅಂಗಾಲು ಎಷ್ಟು ಚುರುಕಾಯಿತು ಅಂದರೆ, ಪಕ್ಕದ ಬೀದೀಲಿ ಅತ್ತೆ ಬರ್ತಿದ್ದಾಳೆ ಅಂತ ಸೊಸೆಯರಿಗೆ ಒಲೆ ಮುಂದೆ ನಿಂತೇ ಗೊತ್ತಾಗ್ತಿತ್ತು. ಬೀದೀಲಿ ಒಂದು ಸದ್ದಿಲ್ಲ. ಯಾರೂ ನಿಂತು ಜೋರಾಗಿ ಮಾತಾಡ್ತಿರಲಿಲ್ಲ, ಅಂಗಾಲು ಕೇಳಿಸ್ಕೊಳ್ಳೋದು ತಪ್ಪುತ್ತೆ ಅಂತ.

ಈಗ ಈಚೆ ಲಾರಿ ಆಚೆ ಲಾರಿಗಿಂತ ಅಗ್ಗ. ಆಚೆ ದೊರೆಗೆ ಸುದ್ದಿ ಹೋಯಿತು. ಅವರಿಗೆ ಮೀಸೆ ಇರಲಿಲ್ಲ, ಹುಬ್ಬು ಇತ್ತು. ಹುಬ್ಬು ಮೇಲೆದ್ದಿತು. ಅವರ ಪಂಡಿತರೂ ಕೂಲಿ ಅಂದರು, ಕಬ್ಬಿಣ ಅಂದರು. ಕೊನೆಗೆ ಓಬಳಪ್ಪನನ್ನ ಹರಿಗೋಲು ಹತ್ತಿಸಿದರು.

ಓಬಳಪ್ಪ ಕಾರ್ಖಾನೆ ಬೀದೀಲಿ ಕೆಂಚಯ್ಯನನ್ನ ನೋಡಿ ದೂರದಿಂದಲೇ ಕೂಗಿದ. ಅದೇ ಹೊಟ್ಟೆ, ಅದೇ ಎಲೆ ಅಡಿಕೆ, ಅದೇ ಮೂರು ಪದರ ಅಟ್ಟೆಯ ಚಪ್ಪಲಿ. "ಏನ್ ಕೆಂಚಯ್ಯನೋರೆ! ನಮ್ಮ ಹತ್ತಿರ ಕಲಿತು ನಮಗೇ ಟೋಪಿ ಹಾಕಿದಿರಲ್ರೀ? ನಮ್ಮ ದೊರೆ ನನ್ನ ಕೆಲಸ ತೆಗೀತೀನಿ ಅಂತ ಕೂತವ್ರೆ. ಹೇಳಿ ಮತ್ತೆ, ಏನು ತೆಗೆದಿರಿ ಲಾರಿಯಿಂದ?"

"ಹೇಳ್ತೀನಿ. ರಸ್ತೆ ಬಿಟ್ಟು ಈ ಕಡೆ ಬನ್ನಿ" ಅಂದ ಕೆಂಚಯ್ಯ.

"ಅಯ್ಯೋ, ನನಗೆ ಹೇಳ್ತೀರಾ? ನಿಮಗೆ ಹಾರೋದು ಕಲಿಸಿದ್ದು ಯಾರ್ರೀ?" ಓಬಳಪ್ಪ ರಸ್ತೆ ನಡುವೆ ಸೊಂಟಕ್ಕೆ ಕೈ ಇಟ್ಟು ನಿಂತ. "ನನ್ನ ಕಿವಿಗೆ ತಪ್ಪಿಸಿ ಒಂದು ಸೊಳ್ಳೆ ಹೋಗಲಿ ನೋಡೋಣ. ಅಂದಂಗೆ, ಮನೇಲಿ ಎಲ್ಲಾ ಚೆನ್ನಾಗಿದ್ದಾರಾ? ನಿಮ್ಮ ಮನೆಯೋರಿಗೆ ಕಿವಿ ಸ್ವಲ್ಪ ಮಂದ ಅಂತ ಕೇಳಿದ್ದೆ."

ಕೆಂಚಯ್ಯ ಅವನ ಮುಖ ನೋಡಿದ. ಆಮೇಲೆ ಅವನ ಕಾಲಿನ ಚಪ್ಪಲಿ ನೋಡಿದ.

"ನಮ್ಮಲ್ಲಿ ಕಿವುಡರೇ ಇಲ್ಲ" ಅಂದ.

"ನೋಡಿದ್ರಾ! ನಾನು ಹೇಳಿರಲಿಲ್ವಾ?" ಅಂತ ಓಬಳಪ್ಪ ತೊಡೆ ತಟ್ಟಿ ನಕ್ಕ. "ಸರಿ, ಈಗ ಗುಟ್ಟು ಹೇಳಿ."

ಬೀದೀಲಿದ್ದ ಹೂವಿನವ್ವ ಬುಟ್ಟಿ ಎತ್ತಿಕೊಂಡು ಸದ್ದಿಲ್ಲದೆ ಬದಿಗೆ ಸರಿದಳು. ಒಂದು ನಾಯಿ ಎದ್ದು ಹೋಯಿತು. ಕೆಂಚಯ್ಯನ ಕಾಲು ಅವನನ್ನ ಆಗಲೇ ಚರಂಡಿ ಆಚೆ ತಂದು ನಿಲ್ಲಿಸಿದ್ದವು. ಬಲಗೈ ಚಾಚಿಕೊಂಡಿತ್ತು.

"ಬಂತು" ಅಂದ ಕೆಂಚಯ್ಯ.

"ಏನು ಬಂತು?" ಅಂತ ಓಬಳಪ್ಪ ಅಲ್ಲೇ ನಿಂತು, ಎಲೆ ಅಗಿಯೋದನ್ನ ನಿಲ್ಲಿಸಿ, ಹಾರನ್ ಎಲ್ಲಿಂದ ಕೇಳಿಸುತ್ತೆ ಅಂತ ಕಿವಿಗೊಟ್ಟ.